ಕಿರುಸಾಲ ಕಾಯ್ದೆ: ಸಿವಿಲ್ ದಾವೆಯ ದಾರಿ ಮುಚ್ಚಿತು, ಕ್ರಿಮಿನಲ್ ಮೊಕದ್ದಮೆಯ ದಾರಿ ತೆರೆಯಿತು

ತರೀಕೆರೆ ತಾಲ್ಲೂಕಿನ ಅಮೃತಾಪುರದಂಥ ಹೋಬಳಿಯಲ್ಲಿ ಒಂದು ಕುಟುಂಬಕ್ಕೆ ಸಾಲ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಬ್ಯಾಂಕ್ ಅಥವಾ ಸೊಸೈಟಿಯ ಬೆಳೆ ಸಾಲ. ಎರಡನೆಯದು ವಾರಕ್ಕೋ ತಿಂಗಳಿಗೋ ಕಂತು ಕಟ್ಟುವ, ಜನ 'ಸಂಘದ ಸಾಲ' ಎಂದು ಕರೆಯುವ ಮೈಕ್ರೋಫೈನಾನ್ಸ್ ಸಾಲ. ಮೂರನೆಯದು ತರೀಕೆರೆ, ಬೀರೂರು, ಕಡೂರು ಪೇಟೆಯ ಪರಿಚಯದ ಅಂಗಡಿಯವರು, ಮಂಡಿಯವರು, ಗಿರವಿಯವರು ಕೊಡುವ ಕೈಸಾಲ. ಅಡಿಕೆ ಕೊಯ್ಲಿಗೆ ಮೊದಲು, ಮಕ್ಕಳ ಫೀಸಿನ ಹೊತ್ತಿಗೆ, ಆಸ್ಪತ್ರೆಯ ಖರ್ಚು ಬಂದಾಗ ಈ ಮೂರರಲ್ಲಿ ಯಾವುದು ಬೇಗ ಸಿಗುತ್ತದೋ ಅದರ ಬಾಗಿಲಿಗೆ ಹೋಗುವುದು ವಾಡಿಕೆ.

ಈ ಮೂರನೆಯ ಬಾಗಿಲಿನ ಲೆಕ್ಕಾಚಾರವನ್ನು ರಾಜ್ಯ ಸರ್ಕಾರದ 2025ರ ಒಂದು ಕಾನೂನು ಪೂರ್ತಿ ಬದಲಾಯಿಸಿದೆ. ಅದರ ಹೆಸರು ಕರ್ನಾಟಕ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧ) ಕಾನೂನು. ಪತ್ರಿಕೆಗಳಲ್ಲಿ ಇದನ್ನು 'ಮೈಕ್ರೋಫೈನಾನ್ಸ್ ಕಾಯ್ದೆ' ಎಂದೇ ಬರೆದದ್ದರಿಂದ, ಇದು ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ ವಿಷಯ, ನಮಗೇನೂ ಅಲ್ಲ ಎಂದು ನಮ್ಮ ಸಮಾಜದ ಬಹಳ ಮಂದಿ ತಿಳಿದಿದ್ದಾರೆ. ಓದಿ ನೋಡಿದರೆ ಚಿತ್ರ ಬೇರೆಯೇ ಇದೆ. ದೊಡ್ಡ ಕಂಪನಿಗಳ ಪೈಕಿ ಹೆಚ್ಚಿನವು ಇದರ ಹೊರಗಿವೆ. ಒಳಗಿರುವವರು ಪರವಾನಗಿ ಇದ್ದೂ ಇಲ್ಲದೆಯೂ ಬಡ್ಡಿಗೆ ಹಣ ಕೊಡುವ ಸಣ್ಣವರು.

ಜೈನ ಕುಟುಂಬಗಳು ಈ ವ್ಯವಹಾರದ ಎರಡೂ ಬದಿಯಲ್ಲಿವೆ. ಪೇಟೆಯಲ್ಲಿ ಜವಳಿ, ಕಿರಾಣಿ, ಬೆಳ್ಳಿ-ಬಂಗಾರ, ಗಿರವಿ ಅಂಗಡಿ ನಡೆಸುವವರೂ ನಮ್ಮವರೇ. ಮಲೆನಾಡಿನಲ್ಲಿ ಅಡಿಕೆ, ಕರಾವಳಿಯಲ್ಲಿ ಭತ್ತ, ಬೆಳಗಾವಿ ಕಡೆ ಕಬ್ಬು ಬೆಳೆದು ಸಾಲದ ಕಂತು ಕಟ್ಟುವವರೂ ನಮ್ಮವರೇ. ಆದ್ದರಿಂದ ಈ ಕಾನೂನನ್ನು ಒಂದೇ ಬದಿಯಿಂದ ನೋಡಿದರೆ ಸಾಲದು.

ಕಾನೂನು ಬಂದ ಬಗೆ

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ಹಾವೇರಿ ಮುಂತಾದ ಜಿಲ್ಲೆಗಳಿಂದ ಒಂದರ ಹಿಂದೆ ಒಂದರಂತೆ ವರದಿಗಳು ಬಂದವು. ಕಂತು ಕಟ್ಟಲಾಗದೆ ಊರು ಬಿಟ್ಟವರು, ಮನೆ ಮುಂದೆ ಬಂದು ಕೂಗಾಡುವ ವಸೂಲಿಗಾರರಿಗೆ ಹೆದರಿ ಬಾಗಿಲು ಹಾಕಿಕೊಂಡವರು, ಕೊನೆಗೆ ಜೀವ ಕಳೆದುಕೊಂಡವರು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರ ಸುಗ್ರೀವಾಜ್ಞೆ ಸಿದ್ಧಪಡಿಸಿ ರಾಜ್ಯಪಾಲರಿಗೆ ಕಳುಹಿಸಿತು.

ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಅವರು ಫೆಬ್ರುವರಿ 7ರಂದು ಅದನ್ನು ಹಿಂದಿರುಗಿಸಿದರು. ಅವರ ಆಕ್ಷೇಪಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಹೆಚ್ಚೆಂದರೆ 3 ಲಕ್ಷ ರೂಪಾಯಿಯ ಸಾಲಕ್ಕೆ ಸಂಬಂಧಿಸಿ 10 ವರ್ಷ ಸಜೆ ಮತ್ತು 5 ಲಕ್ಷ ರೂಪಾಯಿ ದಂಡ ಎಂಬುದು ತಪ್ಪಿನ ಅಳತೆಗೆ ಮೀರಿದ ಶಿಕ್ಷೆ. ಇನ್ನೊಂದು, ಪ್ರಾಮಾಣಿಕವಾಗಿ ಸಾಲ ಕೊಟ್ಟವರೂ ವಸೂಲಿಗಾಗಿ ನ್ಯಾಯಾಲಯಕ್ಕೆ ಹೋಗಲಾಗದಂತೆ ಮಾಡುವುದು ಸಹಜ ನ್ಯಾಯಕ್ಕೆ ಸರಿಹೊಂದುವುದಿಲ್ಲ. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳುಹಿಸಿತು. ಫೆಬ್ರುವರಿ 12ರಂದು ಅಂಕಿತ ಬಿತ್ತು. ಮಾರ್ಚ್ ತಿಂಗಳ ಅಧಿವೇಶನದಲ್ಲಿ ಸುಗ್ರೀವಾಜ್ಞೆಯ ಜಾಗಕ್ಕೆ ಮಸೂದೆ ಬಂತು.

ಕಾನೂನು ಮಾಡುವ ಅಧಿಕಾರ ರಾಜ್ಯಕ್ಕೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಸರಳ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 30ನೆಯ ನಮೂದು ಲೇವಾದೇವಿ, ಲೇವಾದೇವಿದಾರರು ಮತ್ತು ಕೃಷಿ ಋಣ ಪರಿಹಾರಕ್ಕೆ ಸಂಬಂಧಿಸಿದ್ದು. 1976ರ ಮಹಾರಾಷ್ಟ್ರ ಋಣ ಪರಿಹಾರ ಕಾಯ್ದೆಯನ್ನು ಲೇವಾದೇವಿದಾರರು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1977ರ ಫತೇಚಂದ್ ಹಿಮ್ಮತ್‌ಲಾಲ್ ಪ್ರಕರಣದಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ನಮ್ಮ ರಾಜ್ಯದಲ್ಲೇ 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂದು, ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲವನ್ನು ಒಂದು ಬಾರಿಗೆ ಮನ್ನಾ ಮಾಡಿತ್ತು. ಹಾಗಾಗಿ ಸಾಲದಿಂದ ಬಿಡುಗಡೆ ಮಾಡುವುದು ಹೊಸದಲ್ಲ. ಹೊಸದು, ಬಿಡುಗಡೆಯ ಜೊತೆಗೆ ಇಷ್ಟು ದೊಡ್ಡ ಜೈಲು ಶಿಕ್ಷೆಯನ್ನು ಸೇರಿಸಿದ್ದು.

ಏನು ಹೇಳುತ್ತದೆ?

ಕಾನೂನಿನಲ್ಲಿ ನಮ್ಮ ಕುಟುಂಬಗಳಿಗೆ ತಟ್ಟುವ ಅಂಶಗಳು ಇವು.

ನೋಂದಣಿ: ಕಿರುಸಾಲ ಸಂಸ್ಥೆ, ಲೇವಾದೇವಿ ಏಜೆನ್ಸಿಗಳು ಕಾನೂನು ಜಾರಿಯಾದ 30 ದಿನಗಳೊಳಗೆ ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಯಾವ ಊರುಗಳಲ್ಲಿ ವ್ಯವಹಾರ, ಬಡ್ಡಿ ಎಷ್ಟು, ವಸೂಲಿ ಹೇಗೆ ಎಂಬುದನ್ನೆಲ್ಲ ತಿಳಿಸಬೇಕು.

ಸಾಲ ವಿಮೋಚನೆ: ಪರವಾನಗಿ ಅಥವಾ ನೋಂದಣಿ ಇಲ್ಲದವರು ಕಾನೂನು ಬರುವ ಮೊದಲು ಸಣ್ಣ ರೈತರು, ಕೃಷಿ ಕಾರ್ಮಿಕರು, ಬೀದಿ ಬದಿ ವ್ಯಾಪಾರಿಗಳು ಮುಂತಾದ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆಯೇ ಸರಿ.

ಸಿವಿಲ್ ದಾವೆಗೆ ತಡೆ: ಅಂಥ ಸಾಲದ ವಸೂಲಿಗೆ ಯಾವ ಸಿವಿಲ್ ನ್ಯಾಯಾಲಯವೂ ದಾವೆ ಸ್ವೀಕರಿಸುವಂತಿಲ್ಲ. ಈಗಾಗಲೇ ನಡೆಯುತ್ತಿರುವ ದಾವೆಗಳೂ ಅಲ್ಲಿಗೇ ಮುಗಿಯುತ್ತವೆ.

ಕ್ರಿಮಿನಲ್ ಹೊಣೆ: ಬಲವಂತದ ವಸೂಲಿಗೆ ಕನಿಷ್ಠ 6 ತಿಂಗಳಿಂದ ಗರಿಷ್ಠ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ದೂರು ಬಂದರೆ ಪೊಲೀಸರು ದಾಖಲಿಸಲು ನಿರಾಕರಿಸುವಂತಿಲ್ಲ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಯಾರ ದೂರೂ ಇಲ್ಲದೆ ತಾವೇ ಪ್ರಕರಣ ದಾಖಲಿಸಬಹುದು.

'ಬಲವಂತ' ಎಂದರೆ: ಸಾಲಗಾರರನ್ನೋ ಅವರ ಮನೆಯವರನ್ನೋ ಹೊಡೆಯುವುದು, ಬೈಯುವುದು, ಹೆದರಿಸುವುದು, ಹೋದಲ್ಲೆಲ್ಲ ಹಿಂಬಾಲಿಸುವುದು, ಮನೆಗೆ ಅಥವಾ ಕೆಲಸದ ಜಾಗಕ್ಕೆ ಪದೇ ಪದೇ ಹೋಗುವುದು, ಹೊರಗಿನ ಏಜೆಂಟರನ್ನೋ ರೌಡಿಗಳನ್ನೋ ಬಿಡುವುದು, ಸರ್ಕಾರಿ ಸೌಲಭ್ಯ ಪಡೆಯಲು ಬೇಕಾದ ದಾಖಲೆಗಳನ್ನು ಕಿತ್ತಿಟ್ಟುಕೊಳ್ಳುವುದು.

ವಿವಾದಗಳನ್ನು ಮಾತುಕತೆಯಿಂದ ಬಗೆಹರಿಸಲು ಓಂಬುಡ್ಸ್‌ಪರ್ಸನ್ ನೇಮಕಕ್ಕೂ ಅವಕಾಶವಿದೆ.

ಯಾರು ಒಳಗೆ, ಯಾರು ಹೊರಗೆ?

ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕು ಮತ್ತು ಬ್ಯಾಂಕೇತರ ಹಣಕಾಸು ಕಂಪನಿಗಳು ಈ ಕಾನೂನಿನ ಹೊರಗಿವೆ. ಇದಕ್ಕೆ ಕಾರಣ ಸುಪ್ರೀಂ ಕೋರ್ಟಿನ 2022ರ ಮೇ ತಿಂಗಳ ನೆಡುಂಪಿಲ್ಲಿ ಫೈನಾನ್ಸ್ ತೀರ್ಪಿನಲ್ಲಿ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಬ್ಯಾಂಕೇತರ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕೋರ್ಟು ಕೇರಳ ಮತ್ತು ಗುಜರಾತಿನ ಪ್ರಕರಣಗಳಲ್ಲಿ ಹೇಳಿತು.

ಆದರೆ ಜನವರಿಯಲ್ಲಿ ಬಂದ ದೂರುಗಳಲ್ಲಿ ರಿಸರ್ವ್ ಬ್ಯಾಂಕಿನ ನೋಂದಣಿ ಇದ್ದ ಸಂಸ್ಥೆಗಳ ವಸೂಲಿಗಾರರ ಮೇಲಿನ ದೂರುಗಳೂ ಇದ್ದವು. ಕಾನೂನು ಹುಟ್ಟಲು ಕಾರಣವಾದ ನೋವಿನಲ್ಲಿ ಒಂದು ಭಾಗಕ್ಕೆ ಈ ಕಾನೂನೇ ಮದ್ದಲ್ಲ. ಆ ಸಂಸ್ಥೆಗಳಿಂದ ಸಾಲ ಪಡೆದವರ ರಕ್ಷಣೆ ಬೇರೆ ಕಡೆ ಇದೆ. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್ 14ರ ನಿಯಮಗಳ ಪ್ರಕಾರ ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಮೀರಿದರೆ ಮೊದಲು ಸಂಸ್ಥೆಗೆ, ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬೆದರಿಕೆ, ಸುಲಿಗೆ ನಡೆದರೆ ಭಾರತೀಯ ನ್ಯಾಯ ಸಂಹಿತೆಯ 351 ಮತ್ತು 308ನೆಯ ಕಲಂಗಳು ಎಲ್ಲರಿಗೂ ಅನ್ವಯಿಸುತ್ತವೆ. ಆತ್ಮಹತ್ಯೆಗೆ ಪ್ರಚೋದನೆಯಾದರೆ 108ನೆಯ ಕಲಂ ಇದೆ.

ಇನ್ನು ಒಳಗಿರುವವರು. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಮತ್ತು ಅದೇ ವರ್ಷದ ಗಿರವಿದಾರರ ಕಾಯ್ದೆ ಬಂದಾಗಿನಿಂದಲೂ ಬಡ್ಡಿ ವ್ಯವಹಾರಕ್ಕೆ ಸಹಕಾರ ಇಲಾಖೆಯ ಪರವಾನಗಿ ಕಡ್ಡಾಯ. ಪರವಾನಗಿ ಇಲ್ಲದ ಲೇವಾದೇವಿದಾರನಿಗೆ ಕೋರ್ಟಿನಲ್ಲಿ ಡಿಕ್ರಿ ಸಿಗದು ಎಂಬುದೂ ಹಳೆಯ ಕಾನೂನಿನಲ್ಲೇ ಇರುವ ಮಾತು. ಬಂಧುವಿಗೋ ನೆರೆಯವರಿಗೋ ಕಷ್ಟಕಾಲದಲ್ಲಿ ಒಮ್ಮೆ ಕೊಟ್ಟ ಕೈಸಾಲ 'ವ್ಯವಹಾರ' ಆಗುವುದಿಲ್ಲ. ಬಡ್ಡಿಗೆ ಸಾಲ ಕೊಡುವುದು ಒಂದು ಕಸುಬಾಗಿ, ಮತ್ತೆ ಮತ್ತೆ ನಡೆದಾಗ ಮಾತ್ರ ಅದು ಲೇವಾದೇವಿ ಎಂಬುದು ಕೋರ್ಟುಗಳು ಅನುಸರಿಸಿಕೊಂಡು ಬಂದ ತತ್ತ್ವ. ಅಂಗಡಿಯ ಗಲ್ಲಾದಲ್ಲಿ ಉಳಿದ ಹಣವನ್ನು ಹತ್ತು ಹದಿನೈದು ಜನಕ್ಕೆ ತಿಂಗಳ ಬಡ್ಡಿಗೆ ತಿರುಗಿಸುವವರು 'ನಾನು ಫೈನಾನ್ಸಿನವನಲ್ಲ, ಕಿರಾಣಿಯವನು' ಎಂದುಕೊಂಡರೆ ಕಾನೂನು ಅದನ್ನು ಒಪ್ಪುವುದು ಕಷ್ಟ.

'ನೂರಕ್ಕೆ ಎರಡು' ನ್ಯಾಯವಾದ ಬಡ್ಡಿಯೇ?

ನಮ್ಮವರಲ್ಲಿ ಅನೇಕರು ಮೀಟರ್ ಬಡ್ಡಿಯನ್ನು ಹೇಸುತ್ತಾರೆ. 'ನಾವು ನೂರಕ್ಕೆ ಎರಡು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ' ಎಂದು ಹೇಳುವುದರಲ್ಲಿ ಒಂದು ಮರ್ಯಾದೆಯೂ ಇದೆ. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಶೇ 24. ರಾಜ್ಯದಲ್ಲಿ ಲೇವಾದೇವಿದಾರರಿಗೆ ನಿಗದಿಯಾದ ಮಿತಿ ಅಡಮಾನ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಅಡಮಾನ ಇಲ್ಲದ ಸಾಲಕ್ಕೆ ಶೇ 16. ಅಂದರೆ 1 ಲಕ್ಷ ರೂಪಾಯಿ ಕೈಸಾಲಕ್ಕೆ ವರ್ಷಕ್ಕೆ ಹೆಚ್ಚೆಂದರೆ 16,000 ರೂಪಾಯಿ, ತಿಂಗಳಿಗೆ ಸುಮಾರು 1,333 ರೂಪಾಯಿ. ನೂರಕ್ಕೆ ಎರಡರಂತೆ ತಿಂಗಳಿಗೆ 2,000 ರೂಪಾಯಿ ಪಡೆದರೆ ಪರವಾನಗಿ ಇದ್ದರೂ ಮಿತಿ ದಾಟಿದಂತೆಯೇ.

ಮಿತಿ ದಾಟಿದ ಬಡ್ಡಿಯನ್ನು ಅಪರಾಧವೆಂದು 2004ರ ಕರ್ನಾಟಕ ದುಬಾರಿ ಬಡ್ಡಿ ನಿಷೇಧ ಕಾಯ್ದೆಯೇ ಹೇಳಿತ್ತು. ಅದು ಬಂದಾಗ ಇಟ್ಟ ಶಿಕ್ಷೆ 3 ವರ್ಷದವರೆಗೆ ಸಜೆ, 30,000 ರೂಪಾಯಿವರೆಗೆ ದಂಡ. ಇಪ್ಪತ್ತು ವರ್ಷ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು. ಜನ ಮರೆತರು. 2025ರ ಕಾನೂನು ಬಂದ ಮೇಲೆ ಪೊಲೀಸ್ ಠಾಣೆಗಳಿಗೆ ಆ ಹಳೆಯ ಕಲಂಗಳೂ ನೆನಪಾಗಿವೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಎರಡು ದಿಕ್ಕಿನ ಗಾಳಿ

ಇಲ್ಲಿ ಸ್ವಲ್ಪ ದೂರ ನಿಂತು ನೋಡಬೇಕಾದ ಸಂಗತಿಯೊಂದಿದೆ. ಕೇಂದ್ರ ಸರ್ಕಾರ 2023ರಲ್ಲಿ ಜನ ವಿಶ್ವಾಸ ಕಾಯ್ದೆ ತಂದು, ಒಂದೇ ಏಟಿಗೆ 42 ಕಾಯ್ದೆಗಳ 183 ಅಂಶಗಳಿಗೆ ತಿದ್ದುಪಡಿ ಮಾಡಿತು. ಸಣ್ಣಪುಟ್ಟ ಕಾಗದಪತ್ರದ ತಪ್ಪಿಗೆ ಜೈಲು ಬೇಡ, ದಂಡ ಕಟ್ಟಿಸಿಕೊಂಡರೆ ಸಾಕು ಎಂಬುದು ಅದರ ತಿರುಳು. ಕೇಂದ್ರ ಆ ದಿಕ್ಕಿಗೆ ಹೋದರೆ, ಸಾಲದ ವಿಷಯದಲ್ಲಿ ರಾಜ್ಯಗಳು ಎದುರು ದಿಕ್ಕಿಗೆ ಹೋಗುತ್ತಿವೆ. ತಮಿಳುನಾಡು ಕೂಡ 2025ರಲ್ಲೇ ಇಂಥದೇ ಕಾನೂನು ಮಾಡಿತು.

ಎರಡಕ್ಕೂ ಅವುಗಳದೇ ಕಾರಣವಿದೆ. ಫಾರಂ ತುಂಬಲು ತಡವಾದ ವ್ಯಾಪಾರಿಯನ್ನು ಜೈಲಿಗೆ ಕಳಿಸುವುದು ಅನ್ಯಾಯ. ವಿಧವೆಯ ಮನೆ ಮುಂದೆ ರೌಡಿಗಳನ್ನು ನಿಲ್ಲಿಸಿದವನಿಂದ ಬರೀ ದಂಡ ಕಟ್ಟಿಸಿಕೊಂಡು ಬಿಡುವುದೂ ಅನ್ಯಾಯ. ತೊಂದರೆ ಇರುವುದು ಈ ಎರಡರ ನಡುವೆ ನಿಂತವರ ವಿಷಯದಲ್ಲಿ.

'ಪದೇ ಪದೇ ಮನೆಗೆ ಹೋಗುವುದು' ಎಂಬ ಮಾತನ್ನೇ ತೆಗೆದುಕೊಳ್ಳಿ. ಅಮೃತಾಪುರ ಹೋಬಳಿಯ ಒಬ್ಬ ಬೆಳೆಗಾರರಿಗೆ ತರೀಕೆರೆಯ ಅಂಗಡಿಯವರು 80,000 ರೂಪಾಯಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಅಡಿಕೆಗೆ ಕೊಳೆರೋಗ ಬಂತು, ಹಣ ಬರಲಿಲ್ಲ. ಅಂಗಡಿಯವರು ತಿಂಗಳಲ್ಲಿ ಮೂರು ಸಲ ಹೋಗಿ, ಕಾಫಿ ಕುಡಿದು, 'ಯಾವಾಗ ಆಗುತ್ತದಪ್ಪ?' ಎಂದು ಕೇಳಿ ಬಂದರು. ಇನ್ನೊಂದು ಊರಿನಲ್ಲಿ ಇನ್ನೊಬ್ಬ, ನಾಲ್ಕು ಜನರನ್ನು ಬೈಕಿನಲ್ಲಿ ಕಳಿಸಿ ಹೆಣ್ಣುಮಕ್ಕಳ ಎದುರು ಬೈಸಿ, ರೇಷನ್ ಕಾರ್ಡು ಎತ್ತಿಸಿಕೊಂಡು ಬಂದ. ಎರಡೂ ಒಂದೇ ಕಲಮಿನ ಅಡಿ ಬರಬಹುದು. ಆರು ತಿಂಗಳು ಕೊಡಬೇಕೋ ಹತ್ತು ವರ್ಷವೋ ಎಂಬುದನ್ನು ನ್ಯಾಯಾಧೀಶರು ವಿಚಾರಣೆಯ ಕೊನೆಯಲ್ಲಿ ತೂಗಿ ನೋಡುತ್ತಾರೆ, ನಿಜ. ಆದರೆ ಬಂಧನ, ಜಾಮೀನಿಗೆ ಅಲೆದಾಟ, ಪೇಟೆಯಲ್ಲಿ ಮಾನ ಹೋಗುವುದು ವಿಚಾರಣೆಯ ಮೊದಲ ದಿನವೇ ಆಗಿಹೋಗಿರುತ್ತದೆ.

ಮನಸ್ಸಿನ ಉದ್ದೇಶವನ್ನು ತೂಗದೆ ಕ್ರಿಯೆಯನ್ನು ಮಾತ್ರ ನೋಡಿದರೆ ನ್ಯಾಯ ಅರ್ಧವಾಗುತ್ತದೆ. ಇದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ಅಮೃತಾಪುರದ ಅಮೃತೇಶ್ವರ ದೇವಾಲಯ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಆ ಶಿವಾಲಯದ ದೊಡ್ಡ ಶಾಸನದ ಪದ್ಯಗಳನ್ನು ಬರೆದವನು ಜೈನ ಕವಿ ಜನ್ನ. ಅದೇ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಅದರಲ್ಲಿ ಅರಸ ಕೊಲ್ಲುವುದು ಹಿಟ್ಟಿನ ಕೋಳಿಯನ್ನು, ರಕ್ತ ಹರಿಯುವುದಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ಜನ್ಮಜನ್ಮಾಂತರದ ಫಲ ಉಣ್ಣುತ್ತಾನೆ. ಇಂದಿನ ಅಪರಾಧ ಶಾಸ್ತ್ರವೂ ಬಹುತೇಕ ಅಪರಾಧಗಳಲ್ಲಿ ಮೊದಲು ಕೇಳುವುದು 'ಉದ್ದೇಶ ಏನಿತ್ತು?' ಎಂದೇ. ಕಿರುಸಾಲ ಕಾನೂನಿನ ಬಲವಂತದ ಪಟ್ಟಿಯಲ್ಲಿ ಹಿಂಸೆಯ ಉದ್ದೇಶವಿರುವ ಕೃತ್ಯಕ್ಕೆ ಒಂದು ಮೆಟ್ಟಿಲು, ಅತಿಯಾದ ಒತ್ತಾಯಕ್ಕೆ ಇನ್ನೊಂದು ಮೆಟ್ಟಿಲು ಇಟ್ಟಿದ್ದರೆ ಈ ಕಾನೂನು ಇನ್ನಷ್ಟು ಗಟ್ಟಿಯಾಗುತ್ತಿತ್ತು. ರಾಜ್ಯಪಾಲರ ಆಕ್ಷೇಪದ ಸಾರವೂ ಅಳತೆ ಮೀರಿದೆ ಎಂಬುದೇ. ಆ ಆಕ್ಷೇಪ ಯಾವ ಪಕ್ಷದಿಂದ ಬಂತು, ಯಾರ ವಿರುದ್ಧ ಬಂತು ಎಂಬ ಚರ್ಚೆಯಲ್ಲಿ ಅದರ ಹುರುಳು ಕಳೆದುಹೋಯಿತು.

ಕಾನೂನಿನ ಪರವಾದ ಮಾತು

ಇಷ್ಟು ಹೇಳಿದ ಮೇಲೆ, ಕಾನೂನಿನ ಪರವಾದ ಮಾತನ್ನೂ ಅಷ್ಟೇ ನೇರವಾಗಿ ಹೇಳಬೇಕು. ಬೆದರಿಕೆ, ಸುಲಿಗೆಗೆ ಶಿಕ್ಷೆ ಹಳೆಯ ದಂಡ ಸಂಹಿತೆಯಲ್ಲೂ ಇತ್ತು. ಆದರೆ 'ಅದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ' ಎಂಬ ಉತ್ತರ ಕೇಳಿ ಠಾಣೆಯಿಂದ ಮರಳಿದ ಹೆಣ್ಣುಮಕ್ಕಳಿಗೆ ಅದರಿಂದ ಪ್ರಯೋಜನವಾಗಿರಲಿಲ್ಲ. ದೂರು ನಿರಾಕರಿಸುವಂತಿಲ್ಲ ಎಂಬ ಒಂದು ವಾಕ್ಯವೇ ಬಹಳ ಮನೆಗಳಿಗೆ ದೊಡ್ಡ ಬಲ.

ಬಲವಂತದ ಪಟ್ಟಿಯನ್ನು ಶ್ರಾವಕರ ವ್ರತಗಳ ಜೊತೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಒಂದು: ಹೊರಲಾರದ ಹೊರೆ ಹೊರಿಸುವುದು. ಅನ್ನಪಾನನಿರೋಧ ಇನ್ನೊಂದು: ಊಟ ನೀರಿಗೆ ಅಡ್ಡಿ ಮಾಡುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಇದೆ: ಸುಳ್ಳು ಪತ್ರ ಬರೆಯುವುದು. ಗಾಡಿಯ ಎತ್ತು, ಮನೆಯ ಆಳುಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಮಾತುಗಳು ಅವು. ಆದಾಯ ನೋಡದೆ ನಾಲ್ಕನೆಯ ಸಾಲ ಕೊಡುವುದು, ರೇಷನ್ ಕಾರ್ಡು ಅಡ ಇಟ್ಟುಕೊಳ್ಳುವುದು, ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಂಡು ಆಮೇಲೆ ಬೇಕಾದ ಮೊತ್ತ ತುಂಬುವುದು ಈ ಮೂರರಿಂದ ಬಹಳ ದೂರವೇನಿಲ್ಲ. ಕಾನೂನು ಈಗ ಹೇಳುತ್ತಿರುವುದನ್ನು ನಮ್ಮ ಆಚಾರ ಬಹಳ ಹಿಂದೆಯೇ ಹೇಳಿತ್ತು. ಪರವಾನಗಿ ಪಡೆದು, ಮಿತಿಯೊಳಗೆ ಬಡ್ಡಿ ಪಡೆದು, ಮರ್ಯಾದೆಯಿಂದ ಕೇಳುವ ಲೇವಾದೇವಿದಾರರಿಗೆ ಈ ಕಾನೂನಿನಲ್ಲಿ ಹೆದರುವಂಥದ್ದು ಕಡಿಮೆ.

ಆಂಧ್ರದ ಅನುಭವ

ಕಟ್ಟುನಿಟ್ಟಿನ ಕಾನೂನು ಬಂದ ಮೇಲೆ ಸಾಲ ಕೊಡುವವರೇ ಹಿಂದೆ ಸರಿದರೆ ಏನಾಗುತ್ತದೆ? ಇದಕ್ಕೆ ನೆರೆಯಲ್ಲೇ ಉದಾಹರಣೆಯಿದೆ. ಆತ್ಮಹತ್ಯೆಗಳ ಸುದ್ದಿಯ ನಂತರ 2010ರ ಅಕ್ಟೋಬರ್‌ನಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶ ಸುಗ್ರೀವಾಜ್ಞೆ ತಂದಿತು. ಕಿರುಕುಳ ತಗ್ಗಿತು. ಅದರ ಜೊತೆಗೇ ಕಂತು ಕಟ್ಟುವುದು ನಿಂತು, ವಸೂಲಿ ಕುಸಿದು, ಹೊಸ ಸಾಲ ಸಿಗುವುದೂ ನಿಂತಿತು. ಅದರ ಬೆನ್ನಿಗೇ ರಿಸರ್ವ್ ಬ್ಯಾಂಕು ನೇಮಿಸಿದ ಮಾಲೇಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಕಿರುಸಾಲ ಸಂಸ್ಥೆಗಳಿಗೆ ದೇಶಮಟ್ಟದ ಪ್ರತ್ಯೇಕ ನಿಯಮಗಳು ಹುಟ್ಟಿದ್ದು ಅಲ್ಲಿಂದ.

ನಮ್ಮ ಹೋಬಳಿಗಳಲ್ಲೂ ಆ ಅಪಾಯ ಇದೆ. ಪರಿಚಯದ ಅಂಗಡಿಯವರು 'ಇನ್ನು ಈ ಉಸಾಬರಿಯೇ ಬೇಡ' ಎಂದು ಕೈ ತೊಳೆದುಕೊಂಡರೆ, ಆಸ್ಪತ್ರೆ ಖರ್ಚಿಗೆ 20,000 ರೂಪಾಯಿ ಬೇಕಾದ ಮನೆಯವರು ಮೊಬೈಲ್ ಆ್ಯಪಿನ ಸಾಲಕ್ಕೋ, ಕಾನೂನಿಗೆ ಹೆದರದ ಮೀಟರ್ ಬಡ್ಡಿಯವನ ಬಳಿಗೋ ಹೋಗುತ್ತಾರೆ. ಸಾಲಗಾರನನ್ನು ಉಳಿಸಲು ಬಂದ ಕಾನೂನು ಅವನನ್ನು ಇನ್ನೂ ಕೆಟ್ಟ ಕೈಗೆ ಒಪ್ಪಿಸಬಾರದು. ಅದನ್ನು ತಡೆಯಲು ಪರವಾನಗಿ ಕೊಡುವ ಕೆಲಸ ಬೇಗ, ಲಂಚವಿಲ್ಲದೆ, ತಾಲ್ಲೂಕು ಮಟ್ಟದಲ್ಲಿ ಆಗಬೇಕು. ಸರ್ಕಾರದ ಮುಂದೆ ನಮ್ಮ ಸಂಘ ಸಂಸ್ಥೆಗಳು ಇಡಬೇಕಾದ ಮೊದಲ ಬೇಡಿಕೆ ಇದು.

ಸಾಲ ಕೊಡುವ ಕುಟುಂಬಗಳಿಗೆ

1. ಬಡ್ಡಿ ವ್ಯವಹಾರ ನಿಮ್ಮ ಕಸುಬಿನ ಭಾಗವಾಗಿದ್ದರೆ ಸಹಕಾರ ಇಲಾಖೆಯ ಪರವಾನಗಿ ಪಡೆಯಿರಿ. ಇದ್ದರೆ ನವೀಕರಣದ ದಿನಾಂಕ ನೋಡಿಕೊಳ್ಳಿ. ತಂದೆಯ ಹೆಸರಿನ ಪರವಾನಗಿಯಲ್ಲಿ ಮಕ್ಕಳು ವ್ಯವಹಾರ ಮುಂದುವರಿಸುವುದು ಬೇಡ.

2. ಬಡ್ಡಿ ಶೇ 14 ಮತ್ತು ಶೇ 16ರ ಮಿತಿಯೊಳಗಿರಲಿ. ದರವನ್ನು ಕನ್ನಡದಲ್ಲಿ ಅಂಗಡಿಯಲ್ಲಿ ಕಾಣುವಂತೆ ಬರೆಸಿ ಹಾಕಿ. ಪ್ರತಿ ಕಂತಿಗೂ ರಸೀದಿ ಕೊಡಿ.

3. ಖಾಲಿ ಚೆಕ್, ಖಾಲಿ ಛಾಪಾ ಕಾಗದ, ರೇಷನ್ ಕಾರ್ಡು, ಎಟಿಎಂ ಕಾರ್ಡು ಇಟ್ಟುಕೊಳ್ಳಬೇಡಿ. ಹಳೆಯವು ಕಪಾಟಿನಲ್ಲಿದ್ದರೆ ಬರಹದ ಸ್ವೀಕೃತಿ ಪಡೆದು ಹಿಂದಿರುಗಿಸಿ.

4. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದಾಗ ವಿನಾಯಿತಿಯಿದೆ. ಬ್ಯಾಂಕ್ ಮೂಲಕ ಕೊಟ್ಟರೆ ನಾಳೆ ನಿಮಗೇ ಸಾಕ್ಷಿ.

5. ಬಾಕಿ ಬರದಿದ್ದರೆ ಮನೆಗೆ ಹೋಗುವುದರ ಬದಲು ನೋಟಿಸು ಕಳುಹಿಸಿ. ಪರವಾನಗಿ ಇರುವವರಿಗೆ ಸಿವಿಲ್ ಕೋರ್ಟಿನ ದಾರಿ ತೆರೆದೇ ಇದೆ. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಸರಿಯಾಗಿ ಪಡೆದ ಚೆಕ್ ಅಮಾನ್ಯವಾದರೆ 30 ದಿನದೊಳಗೆ ನೋಟಿಸು, ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು ಎಂಬ ಕ್ರಮ ತಪ್ಪಬಾರದು.

6. ವಸೂಲಿಗೆ ಹೊರಗಿನವರನ್ನು ಯಾವ ಕಾರಣಕ್ಕೂ ಕಳುಹಿಸಬೇಡಿ. ಅವರು ಆಡಿದ ಮಾತಿಗೆ ನೀವು ಹೊಣೆಯಾಗುತ್ತೀರಿ.

ಸಾಲ ಪಡೆದ ಕುಟುಂಬಗಳಿಗೆ

1. ನಿಮ್ಮ ಸಾಲ ಯಾವ ಬಗೆಯದು ಎಂದು ಮೊದಲು ತಿಳಿಯಿರಿ. ಸಾಲದ ಕಾರ್ಡಿನಲ್ಲಿ ಕಂಪನಿಯ ಹೆಸರು, ರಿಸರ್ವ್ ಬ್ಯಾಂಕಿನ ನೋಂದಣಿ ಇದೆಯೇ ನೋಡಿ. ಇದ್ದರೆ ಸಾಲ ಮನ್ನಾ ಆಗಿದೆ ಎಂಬ ಊರಿನ ಮಾತು ನಂಬಿ ಕಂತು ನಿಲ್ಲಿಸಬೇಡಿ.

2. ಪರವಾನಗಿ ಇರುವವರ ಸಾಲ ತೀರಿದಂತಾಗುವುದಿಲ್ಲ. ಮನ್ನಾ ಇರುವುದು ಪರವಾನಗಿ ಇಲ್ಲದವರ ಹಳೆಯ ಸಾಲಕ್ಕೆ, ಅದೂ ಕಾನೂನು ಹೆಸರಿಸಿದ ದುರ್ಬಲ ವರ್ಗದವರಿಗೆ.

3. ಬೆದರಿಕೆ ಬಂದರೆ ದಿನಾಂಕ, ಸಮಯ, ಬಂದವರ ವಿವರ ಬರೆದಿಡಿ. ಕರೆ, ಸಂದೇಶಗಳನ್ನು ಅಳಿಸಬೇಡಿ. ಠಾಣೆಯಲ್ಲಿ ದೂರಿನ ಪ್ರತಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.

4. ಪಡೆದ ಸಾಲವನ್ನು ತಪ್ಪಿಸಿಕೊಳ್ಳಲು ಸುಳ್ಳು ದೂರು ಕೊಡಬೇಡಿ. ಕಷ್ಟಕ್ಕೆ ಆದವರನ್ನು ಜೈಲಿಗೆ ಕಳುಹಿಸಿದ ಊರಿನಲ್ಲಿ ಮುಂದಿನ ಕಷ್ಟಕ್ಕೆ ಯಾರೂ ಬರುವುದಿಲ್ಲ.

ಸಮಾಜ ಏನು ಮಾಡಬಹುದು?

ಬಸದಿ ಸಮಿತಿ, ಮಹಿಳಾ ಸಮಾಜ, ಯುವ ಸಂಘಗಳ ಹೆಸರಿನಲ್ಲಿ ಸಣ್ಣ ಚೀಟಿ, ಒಳಸಾಲ ನಡೆಯುವುದು ಹಲವು ಊರುಗಳಲ್ಲಿದೆ. ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತದೆ. ಆದರೆ ಲೆಕ್ಕ ಪುಸ್ತಕ ಒಬ್ಬರ ಮನೆಯಲ್ಲಿ, ಬಡ್ಡಿ ಬಾಯಿಮಾತಿನಲ್ಲಿ ಎಂಬಂತಿದ್ದರೆ ಈಗ ಅಪಾಯ. ಇಂಥ ಕೆಲಸವನ್ನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಅಡಿ ಸಹಕಾರಿಯಾಗಿ ನೋಂದಾಯಿಸುವುದು ಸರಿಯಾದ ದಾರಿ. ಆಗ ವರ್ಷಕ್ಕೊಮ್ಮೆ ಆಡಿಟ್ ಆಗುತ್ತದೆ, ಸದಸ್ಯರಿಗೆ ಲೆಕ್ಕ ಕೇಳುವ ಹಕ್ಕಿರುತ್ತದೆ, ಬಾಕಿ ವಸೂಲಿಗೂ ಕಾನೂನಿನ ದಾರಿ ಇರುತ್ತದೆ. ಪರಿಚಯದ ಅಂಗಡಿಯವರು ಹಿಂದೆ ಸರಿದ ಜಾಗವನ್ನು ಮೀಟರ್ ಬಡ್ಡಿಯವನು ತುಂಬುವ ಮೊದಲು ಇಂಥ ಸಹಕಾರಿಗಳು ತುಂಬಬೇಕು.

ಪ್ರತಿ ತಾಲ್ಲೂಕಿನ ಜೈನ ಸಮಾಜದಲ್ಲಿ ವಕೀಲರು, ಲೆಕ್ಕಪರಿಶೋಧಕರು, ನಿವೃತ್ತ ಬ್ಯಾಂಕ್ ನೌಕರರು ಇದ್ದೇ ಇರುತ್ತಾರೆ. ತಿಂಗಳಿಗೊಂದು ಭಾನುವಾರ ಬಸದಿಯ ಸಭಾಂಗಣದಲ್ಲಿ ಕುಳಿತು ಸಾಲ ಕೊಟ್ಟವರು ಮತ್ತು ಪಡೆದವರ ಕಾಗದಗಳನ್ನು ನೋಡಿಕೊಟ್ಟರೆ ಅದು ದೊಡ್ಡ ಸೇವೆ. ಸೇವೆ ನಮ್ಮವರಿಗಷ್ಟೇ ಸೀಮಿತವಾಗಬೇಕಿಲ್ಲ. ನಮ್ಮಿಂದ ಸಾಲ ಪಡೆದವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ.

ಹಣದ ವ್ಯವಹಾರ ನಂಬಿಕೆಯಿಂದ ನಡೆದ ಕಾಲ ಪೂರ್ತಿ ಮುಗಿದಿಲ್ಲ. ಆದರೆ ಆ ನಂಬಿಕೆಗೆ ಈಗ ಕಾಗದದ ಆಧಾರ ಬೇಕು. ಕೊಡುವಾಗ ಬರೆದುಕೊಡಿ, ಪಡೆಯುವಾಗ ಓದಿ ಸಹಿ ಹಾಕಿ. ಹಳೆಯ ಲೆಕ್ಕಗಳನ್ನು ಈ ವರ್ಷವೇ ಎದುರುಬದುರು ಕುಳಿತು ಸರಿಪಡಿಸಿಕೊಳ್ಳಿ.

ಜೈ ಜಿನೇಂದ್ರ.